ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ?

ವಾಣಿ ವಿಲಾಸ ಸಾಗರ ಎಷ್ಟು ವರ್ಷಕ್ಕೊಮ್ಮೆ ಕೋಡಿ ಬೀಳುತ್ತದೆ? ಹಿರಿಯೂರಿನಲ್ಲಿ ಈ ಪ್ರಶ್ನೆಗೆ ಮೂರು ಉತ್ತರಗಳಿವೆ, ಮೂರೂ ನಿಜ. ಕಟ್ಟೆ ಕಟ್ಟಿ ಮುಗಿದ 1907ರಿಂದ 2025ರ ಜನವರಿಯವರೆಗೆ ಲೆಕ್ಕ ಹಾಕಿದರೆ 118 ವರ್ಷಗಳಲ್ಲಿ ಮೂರು ಸಲ. 1934ರಿಂದ 2021ರವರೆಗೆ ಹಾಕಿದರೆ ಒಂದು ಸಲವೂ ಇಲ್ಲ. 2022ರ ಸೆಪ್ಟೆಂಬರಿನಿಂದ 2025ರ ಜನವರಿಯವರೆಗೆ ಹಾಕಿದರೆ ಎರಡೂವರೆ ವರ್ಷ ತುಂಬುವುದರೊಳಗೆ ಎರಡು ಸಲ. ಮೊದಲ ಉತ್ತರ ಕೇಳಿದವನು ಇದು ಬರದ ಸೀಮೆ ಎನ್ನುತ್ತಾನೆ. ಎರಡನೆಯದನ್ನು ಕೇಳಿದವನು ಇಷ್ಟು ದೊಡ್ಡ ಕಟ್ಟೆ ಯಾಕೆ ಕಟ್ಟಿದರೋ ಎನ್ನುತ್ತಾನೆ. ಮೂರನೆಯದನ್ನು ಕೇಳಿದವನು ಅಡಿಕೆ ಸಸಿ ತರಲು ಹೊರಡುತ್ತಾನೆ. ನೀರು ಅದೇ, ಕಟ್ಟೆ ಅದೇ, 130 ಅಡಿಯ ಪಟ್ಟಿಯೂ ಅದೇ. ಬದಲಾದದ್ದು ಲೆಕ್ಕದ ಎರಡು ತುದಿ ಮಾತ್ರ.

ಮೂರನೆಯ ಉತ್ತರದ ಹಿಂದೆ ಇನ್ನೊಂದು ಸಂಗತಿ ಇದೆ. ಮಾರಿ ಕಣಿವೆ ಎಂದೂ ಕರೆಯುವ ಈ ಜಲಾಶಯಕ್ಕೆ ಮೊದಲೆಲ್ಲ ವೇದಾವತಿಯ ನೀರು ಬಿಟ್ಟರೆ ಬೇರೆ ಗತಿ ಇರಲಿಲ್ಲ. 2019ರಿಂದ ಭದ್ರಾ ಮೇಲ್ದಂಡೆ ಯೋಜನೆಯ ನೀರನ್ನು ಎತ್ತಿ, ಅಜ್ಜಂಪುರದ ಸುರಂಗದ ಕಡೆಯಿಂದ ಇತ್ತ ಹರಿಸಲಾಗುತ್ತಿದೆ. 30.42 ಟಿಎಂಸಿ ಹಿಡಿಯುವ ಜಲಾಶಯದ ಲೆಕ್ಕದಲ್ಲಿ ಇದು ಸಣ್ಣ ಮಾತಲ್ಲ. 2010ರಿಂದ 2025ರವರೆಗಿನ ಸರಾಸರಿ ನೀರಿನ ಮಟ್ಟ ಎಂದು ಯಾರಾದರೂ ಪರದೆಯ ಮೇಲೆ ಗೆರೆ ಎಳೆದರೆ, ಆ ಗೆರೆ ಎರಡು ಬೇರೆ ಬೇರೆ ಜಲಾಶಯಗಳ ಸರಾಸರಿ. ಒಂದು ಆಕಾಶವನ್ನೇ ನಂಬಿದ್ದು, ಇನ್ನೊಂದು ಪಂಪನ್ನೂ ನಂಬಿದ್ದು. ಅವಧಿ ಆರಿಸುವವರು ಮೊದಲು ನೋಡಬೇಕಾದದ್ದು ನಡುವೆ ಇಂಥ ಬಿರುಕು ಇದೆಯೇ ಎಂದು. ಇದ್ದರೆ ಅಲ್ಲೇ ಕತ್ತರಿಸಬೇಕು.

ಈಗ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಯಾವ ಸರ್ಕಾರಿ ಕಚೇರಿಗೆ ಹೋದರೂ ಗೋಡೆಯ ನಕ್ಷೆಯ ಜಾಗದಲ್ಲಿ ಡ್ಯಾಶ್‌ಬೋರ್ಡ್ ಬಂದಿದೆ. ಮಳೆ, ಬಿತ್ತನೆ, ವಿಮೆ, ಉದ್ಯೋಗ ಖಾತ್ರಿ, ಶಾಲಾ ಹಾಜರಾತಿ, ಮಾರುಕಟ್ಟೆ ಆವಕ ಎಲ್ಲಕ್ಕೂ ಬಣ್ಣದ ಪರದೆ. ಅದರ ಮೂಲೆಯಲ್ಲಿ ಎರಡು ಪುಟ್ಟ ಚೌಕಗಳಿರುತ್ತವೆ: ‘ಇಂದ’, ‘ವರೆಗೆ’. ಕಂಬಚಿತ್ರ, ಗುಂಡುಚಿತ್ರಗಳನ್ನೆಲ್ಲ ಕಣ್ಣರಳಿಸಿ ನೋಡುವ ನಾವು ಆ ಎರಡು ಚೌಕಗಳತ್ತ ತಿರುಗುವುದೇ ಕಡಿಮೆ. ಅಲ್ಲಿ ಮೊದಲೇ ಏನು ತುಂಬಿದೆಯೋ ಅದೇ ಸತ್ಯ. ಆ ಮೊದಲ ತುಂಬುವಿಕೆ ಯಾರ ಕೈಯದು, ಯಾವ ಪಂಚಾಂಗದ್ದು ಎಂಬುದು ಈ ಲೇಖನದ ವಿಚಾರ.

ಪಂಚಾಂಗ ಒಂದೇ ಅಲ್ಲ ಎನ್ನುವುದೇ ಮೊದಲ ತೊಡಕು. ಹಣಕಾಸಿನ ವರ್ಷ ಏಪ್ರಿಲ್ 1ಕ್ಕೆ ಹುಟ್ಟುತ್ತದೆ. ಜಲವರ್ಷ ಜೂನ್ 1ಕ್ಕೆ. ಕೃಷಿ ಅಂಕಿಅಂಶಗಳ ಬೆಳೆ ವರ್ಷ ಜುಲೈ 1ಕ್ಕೆ. ಗೋಡೆಯ ಕ್ಯಾಲೆಂಡರ್ ಜನವರಿಗೆ. ಹವಾಮಾನದವರ ನೈಋತ್ಯ ಮುಂಗಾರು ಜೂನ್ 1ರಿಂದ ಸೆಪ್ಟೆಂಬರ್ 30ರವರೆಗೆ, ಹಿಂಗಾರು ಅಕ್ಟೋಬರ್ 1ರಿಂದ ಡಿಸೆಂಬರ್ 31ರವರೆಗೆ. ಇವುಗಳ ನಡುವೆ ರೈತನ ಲೆಕ್ಕ ಬೇರೆಯೇ ನಡೆಯುತ್ತದೆ, ಅದು ಮಳೆ ನಕ್ಷತ್ರಗಳ ಲೆಕ್ಕ. ಒಂದೊಂದು ಮಳೆಗೆ ಹದಿಮೂರು ಹದಿನಾಲ್ಕು ದಿನ. ಭರಣಿ ಏಪ್ರಿಲ್ ಕೊನೆಗೆ, ರೋಹಿಣಿ ಮೇ 25ರ ಸುಮಾರಿಗೆ, ಮೃಗಶಿರ ಜೂನ್ 8ರ ಸುಮಾರಿಗೆ, ಆರಿದ್ರ ಅದೇ ತಿಂಗಳ 22ರ ಹೊತ್ತಿಗೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂಬ ಗಾದೆ ಕೂಡ ಒಂದು ಅವಧಿಯ ಮಾತೇ: ಇಂಥ ದಿನದಿಂದ ಇಂಥ ದಿನದೊಳಗೆ ಬಿದ್ದ ಮಳೆಗೆ ಇಂಥ ಬೆಲೆ ಎಂಬ ಮಾತು. ಎಷ್ಟು ಮಿಲಿಮೀಟರ್ ಬಿತ್ತು ಎನ್ನುವುದಕ್ಕಿಂತ ಯಾವ ಮಳೆಯಲ್ಲಿ ಬಿತ್ತು ಎಂದು ಹಳ್ಳಿಯಲ್ಲಿ ಕೇಳುವುದು ಮೂಢನಂಬಿಕೆಯಿಂದಲ್ಲ. ಉಳುಮೆ, ಬಿತ್ತನೆ, ಹೂವು, ಕಾಳು ಕಟ್ಟುವುದು ಎಲ್ಲವೂ ಹೆಚ್ಚುಕಡಿಮೆ ಹದಿನೈದು ದಿನದ ಕಿಟಕಿಗಳಲ್ಲಿ ನಡೆಯುವ ಕೆಲಸಗಳು.

ಸರ್ಕಾರದ ಪಂಚಾಂಗವೂ ರೈತನ ಪಂಚಾಂಗವೂ ಡಿಕ್ಕಿ ಹೊಡೆಯುವ ಜಾಗ ಸೆಪ್ಟೆಂಬರ್ 30. ಹಸ್ತೆ ಮಳೆ ಸೆಪ್ಟೆಂಬರ್ 27ರ ಸುಮಾರಿಗೆ ಹೂಡಿ ಅಕ್ಟೋಬರ್ ಎರಡನೇ ವಾರದವರೆಗೆ ಇರುತ್ತದೆ. ಸರ್ಕಾರಿ ಮುಂಗಾರಿನ ಫಲಕ ಅದನ್ನು ಎರಡು ತುಂಡು ಮಾಡಿ, ಮೂರು ನಾಲ್ಕು ದಿನವನ್ನು ಒಂದು ಕಡೆಗೂ ಉಳಿದದ್ದನ್ನು ಇನ್ನೊಂದು ಕಡೆಗೂ ಹಾಕುತ್ತದೆ. ಕರಾವಳಿಯಲ್ಲಾದರೆ ಇದರಿಂದ ಏನೂ ಹೋಗುವುದಿಲ್ಲ. ಅಲ್ಲಿ ಜೂನ್, ಜುಲೈಗಳೇ ಪೂರ್ತಿ ಕಥೆ ಹೇಳಿ ಮುಗಿಸಿರುತ್ತವೆ. ಆದರೆ ದುರ್ಗದ ಸೀಮೆ ರಾಜ್ಯದ ಮಧ್ಯ ಒಣ ವಲಯ. ಹಿರಿಯೂರು, ಚಳ್ಳಕೆರೆಗಳಂಥ ಕಡೆ ಮುಂಗಾರಿನ ಮೋಡ ಪಶ್ಚಿಮ ಘಟ್ಟದಲ್ಲೇ ಬರಿದಾಗಿ ಬರುತ್ತದೆ. ಸೆಪ್ಟೆಂಬರ್, ಅಕ್ಟೋಬರಿನ ಮಳೆಯೇ ಇಲ್ಲಿ ದೊಡ್ಡದು. ಉತ್ತರೆ, ಹಸ್ತೆ, ಚಿತ್ತೆಗಳು ಕೆರೆ ತುಂಬಿಸುವ ಮಳೆಗಳು. ಜೂನ್ 1ರಿಂದ ಸೆಪ್ಟೆಂಬರ್ 30 ಎಂಬ ಅವಧಿ ಈ ನೆಲದ ಮಳೆಗಾಲವನ್ನು ನಡುವಿನಲ್ಲೇ ನಿಲ್ಲಿಸಿಬಿಡುತ್ತದೆ. 2025ರ ಜನವರಿಯಲ್ಲಿ ವಾಣಿ ವಿಲಾಸ ಸಾಗರ ಕೋಡಿ ಬಿದ್ದಾಗ ಮುಂಗಾರಿನ ಲೆಕ್ಕ ಮುಗಿದು ಮೂರು ತಿಂಗಳು ದಾಟಿತ್ತು. ಹಿಂಗಾರಿನ ಲೆಕ್ಕವೂ ಡಿಸೆಂಬರ್ 31ಕ್ಕೆ ಮುಚ್ಚಿತ್ತು. ಋತುವಾರು ಪಟ್ಟಿಯಲ್ಲಿ ಆ ಕೋಡಿಗೆ ಜಾಗವೇ ಇಲ್ಲ. ಜಲವರ್ಷದ ಪಟ್ಟಿಯಲ್ಲಿ ನೋಡಿದರೆ ಮಾತ್ರ ಅದು 2024–25ರ ಸಹಜ ಮುಕ್ತಾಯವಾಗಿ ಕಾಣುತ್ತದೆ.

ಒಂದು ದಿನ ಎಂದರೆ ಎಷ್ಟು ಎಂಬುದೂ ಅಷ್ಟು ಸರಳವಲ್ಲ. ಮಳೆಯ ದಿನ ಬೆಳಿಗ್ಗೆ 8.30ಕ್ಕೆ ಆರಂಭವಾಗಿ ಮರುದಿನ 8.30ಕ್ಕೆ ಮುಗಿಯುತ್ತದೆ, ಮತ್ತು ಮುಗಿದ ದಿನದ ತಾರೀಕನ್ನು ಹೊತ್ತುಕೊಳ್ಳುತ್ತದೆ. ಸೆಪ್ಟೆಂಬರ್ 30ರ ಸಂಜೆ ಹೊಸದುರ್ಗದಲ್ಲಿ ಭಾರಿ ಮಳೆ ಬಿದ್ದರೆ ಅದು ದಾಖಲೆಯಲ್ಲಿ ಅಕ್ಟೋಬರ್ 1ರ ಮಳೆ. ಅಂದರೆ ಮುಂಗಾರಿನ ಖಾತೆಗೆ ಸೇರದೆ ಹಿಂಗಾರಿನ ಖಾತೆಗೆ ಜಮೆ. 1988ರಲ್ಲಿ ಬರ ನಿರ್ವಹಣಾ ಕೋಶವಾಗಿ ಹುಟ್ಟಿದ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದ ಮಳೆಮಾಪಕಗಳಿಂದ ಹದಿನೈದು ನಿಮಿಷಕ್ಕೊಮ್ಮೆ ಮಾಹಿತಿ ಪಡೆಯುತ್ತದೆ. ಮಾಹಿತಿ ಅಷ್ಟು ಸಣ್ಣದಾಗಿದ್ದರೂ ವರದಿ ದಿನಕ್ಕೆ, ವಾರಕ್ಕೆ, ಋತುವಿಗೆ ಕಟ್ಟಿದ ಮೂಟೆಯಾಗಿಯೇ ಹೊರಬರುವುದು. ಸಂಜೆ ಬಿದ್ದ ಮಳೆ ಇವತ್ತಿನ ಪಟ್ಟಿಯಲ್ಲಿಲ್ಲ ಎಂದು ಪಂಚಾಯಿತಿಯವರೊಂದಿಗೆ ವಾದಕ್ಕಿಳಿಯುವವರು ಈ 8.30ರ ಗಡಿಯನ್ನು ತಿಳಿದಿದ್ದರೆ ಅರ್ಧ ಜಗಳ ಇರುವುದಿಲ್ಲ.

ಒಟ್ಟು ಮಳೆ ತೋರಿಸುವ ಫಲಕದ ಇನ್ನೊಂದು ಕುಂದು ಎಂದರೆ ಅದು ಬಿಡುವನ್ನು ನುಂಗಿಹಾಕುತ್ತದೆ. ಹವಾಮಾನ ಇಲಾಖೆಯ ಅಳತೆಯಲ್ಲಿ ವಾಡಿಕೆಗಿಂತ ಶೇ 19ರಷ್ಟು ಹೆಚ್ಚೋ ಕಡಿಮೆಯೋ ಆದರೆ ಅದು ‘ವಾಡಿಕೆ’. ಶೇ 20ರಿಂದ 59ರಷ್ಟು ಕಡಿಮೆಯಾದರೆ ‘ಕೊರತೆ’. ಜುಲೈ ಪೂರ್ತಿ ಹನಿ ಬೀಳದೆ ಶೇಂಗಾ ಬಾಡಿ, ಆಗಸ್ಟ್ ಕೊನೆಯ ಎರಡು ರಾತ್ರಿ ಮೋಡ ಒಡೆದುಕೊಂಡು ಸುರಿದರೆ, ಸೆಪ್ಟೆಂಬರಿನ ಸಂಚಿತ ಲೆಕ್ಕದಲ್ಲಿ ತಾಲ್ಲೂಕು ವಾಡಿಕೆಯ ಬಣ್ಣದಲ್ಲೇ ನಗುತ್ತಿರುತ್ತದೆ. ಕೇಂದ್ರ ಸರ್ಕಾರದ 2016ರ ಬರ ಕೈಪಿಡಿ ಇದನ್ನು ಗುರುತಿಸಿದೆ. ಋತುವಿನ ಒಟ್ಟು ಕೊರತೆಯ ಜೊತೆಗೆ, ವಾರಗಟ್ಟಲೆ ಮುಂದುವರಿಯುವ ಒಣ ಅವಧಿಯನ್ನೂ ಅದು ಬರದ ಸೂಚನೆ ಎಂದು ಒಪ್ಪುತ್ತದೆ. ವಾರವೆಂದರೆ ಇಲ್ಲಿ ಸೋಮವಾರದಿಂದ ಭಾನುವಾರವಲ್ಲ. ಜನವರಿ 1ರಿಂದ 7ಕ್ಕೆ ಮೊದಲ ವಾರ, ಹೀಗೆ 52 ವಾರ. ವರ್ಷದ ಕೊನೆಯ ವಾರಕ್ಕೆ ಎಂಟು ದಿನ, ಅಧಿಕ ವರ್ಷದಲ್ಲಿ ಫೆಬ್ರವರಿ ಕೊನೆಯ ವಾರಕ್ಕೂ ಎಂಟು. 2023ರ ಸೆಪ್ಟೆಂಬರ್ 13ರಂದು ರಾಜ್ಯ 236 ತಾಲ್ಲೂಕುಗಳಲ್ಲಿ 195ನ್ನು ಬರಪೀಡಿತವೆಂದು ಘೋಷಿಸಿತು. ಮುಂದೆ ಆ ಪಟ್ಟಿ 223ಕ್ಕೆ ಏರಿತು. ಅದೇ ಮುಂಗಾರು, ಅದೇ ಸರ್ಕಾರ. ಲೆಕ್ಕ ಹಾಕಿದ ಕೊನೆಯ ದಿನ ಮುಂದಕ್ಕೆ ಹೋದಂತೆ ಪಟ್ಟಿ ಉದ್ದವಾಯಿತು. ಮೊದಲ ಪಟ್ಟಿಯಲ್ಲಿ ಬಿಟ್ಟುಹೋದವರ ಸಿಟ್ಟಿನ ಹಿಂದೆ ಇದ್ದದ್ದೂ ಈ ‘ವರೆಗೆ’ ಎಂಬ ಚೌಕವೇ.

‘ವಾಡಿಕೆ’ ಎನ್ನುವುದಕ್ಕೂ ಒಂದು ಅವಧಿ ಇದೆ. ದೇಶದ ಮುಂಗಾರಿನ ವಾಡಿಕೆ 1961–2010ರ ಸರಾಸರಿಯಂತೆ 88 ಸೆಂಟಿಮೀಟರ್ ಇತ್ತು. 2022ರಲ್ಲಿ ಇಲಾಖೆ 1971–2020ರ ಸರಾಸರಿಗೆ ಬದಲಾಯಿಸಿಕೊಂಡಾಗ 87 ಆಯಿತು. ಹಳೆಯ ವಾಡಿಕೆಯಲ್ಲಿ ಅಳೆದ ವರ್ಷವನ್ನೂ ಹೊಸ ವಾಡಿಕೆಯಲ್ಲಿ ಅಳೆದ ವರ್ಷವನ್ನೂ ಒಂದೇ ಕಂಬಚಿತ್ರದಲ್ಲಿ ಪಕ್ಕ ಪಕ್ಕ ನಿಲ್ಲಿಸುವುದು ತಪ್ಪು. ಒಂದು ಸೆಂಟಿಮೀಟರ್ ಅಲ್ಲವೇ ಎನ್ನಬಹುದು. ತಾಲ್ಲೂಕಿನ ಮಟ್ಟಕ್ಕೆ ಇಳಿದಾಗ, ಶೇ 19 ಮತ್ತು ಶೇ 20ರ ನಡುವಿನ ಗೆರೆಯ ಮೇಲೆ ನಿಂತ ಊರಿಗೆ, ಅಷ್ಟೇ ಸಾಕು.

ಅವಧಿ ನೇರವಾಗಿ ದುಡ್ಡಾಗುವುದು ಬೆಳೆ ವಿಮೆಯಲ್ಲಿ. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಪರಿಹಾರಕ್ಕೆ ಆಧಾರವಾದ ಮಿತಿ ಇಳುವರಿಯನ್ನು ಹಿಂದಿನ ಏಳು ವರ್ಷಗಳಲ್ಲಿ ಒಳ್ಳೆಯ ಐದು ವರ್ಷಗಳ ಸರಾಸರಿಯಿಂದ ಕಂಡುಕೊಳ್ಳುತ್ತಾರೆ. ಬರದ ಸೀಮೆಗೆ ಇದು ಬುದ್ಧಿವಂತ ನಿಯಮ. ಏಳಕ್ಕೆ ಏಳನ್ನೂ ಹಿಡಿದಿದ್ದರೆ ಸತತ ಬರದಲ್ಲಿ ಸರಾಸರಿಯೇ ಕುಸಿದು, ಬೆಳೆ ಹೋದವನಿಗೆ ‘ನಿಮ್ಮಲ್ಲಿ ಯಾವಾಗಲೂ ಇಷ್ಟೇ’ ಎಂಬ ಉತ್ತರ ಸಿಗುತ್ತಿತ್ತು. ಆದರೆ ಏಳರಲ್ಲಿ ನಾಲ್ಕು ವರ್ಷ ಕೆಟ್ಟರೆ ಈ ನಿಯಮವೂ ಸೋಲುತ್ತದೆ: ಒಳ್ಳೆಯ ಐದರೊಳಗೆ ಎರಡು ಕೆಟ್ಟವು ನುಸುಳಿಕೊಳ್ಳುತ್ತವೆ. ದುರ್ಗದಲ್ಲಿ ಇದು ಬರೀ ಊಹೆಯ ಮಾತಲ್ಲ ಎಂದು ಇಲ್ಲಿನ ಯಾವ ರೈತನೂ ಹೇಳುತ್ತಾನೆ. ಆಲಿಕಲ್ಲು, ನೆರೆಯಂಥ ಸ್ಥಳೀಯ ಹಾನಿಗೆ 72 ಗಂಟೆಯೊಳಗೆ ತಿಳಿಸಬೇಕು. ಕೊಯ್ದು ಹೊಲದಲ್ಲೇ ಒಣಗಲು ಹರವಿದ ಬೆಳೆಗೆ ರಕ್ಷಣೆ 14 ದಿನ. ಹೊಳಲ್ಕೆರೆ, ಹೊಸದುರ್ಗದ ಅಡಿಕೆ, ದಾಳಿಂಬೆಯವರು ಹೆಚ್ಚಾಗಿ ಮೊರೆಹೋಗುವ ಹವಾಮಾನ ಆಧಾರಿತ ವಿಮೆಯಲ್ಲಂತೂ ಇಡೀ ಒಪ್ಪಂದವೇ ತಾರೀಕುಗಳ ಸರಮಾಲೆ: ಇಂಥ ದಿನದಿಂದ ಇಂಥ ದಿನದವರೆಗೆ ಇಷ್ಟಕ್ಕಿಂತ ಕಡಿಮೆ ಅಥವಾ ಹೆಚ್ಚು ಮಳೆಯಾದರೆ ಇಷ್ಟು ಪರಿಹಾರ. ಕಿಟಕಿ ಮುಚ್ಚಿದ ಮರುದಿನ ಸುರಿದ ಮಳೆಗೆ ಕೊಳೆರೋಗ ಬಂದರೂ ಫಲಕದಲ್ಲಿ ಅದು ಸೊನ್ನೆ. ಪ್ರೀಮಿಯಂ ಕಟ್ಟುವಾಗ ಎಕರೆಗೆ ಎಷ್ಟು ಬರುತ್ತದೆ ಎಂದು ಕೇಳುವುದು ನಮ್ಮ ರೂಢಿ. ಅವಧಿಗಳ ಹಾಳೆಯನ್ನು ಕೇಳಿ ಪಡೆಯುವುದು ಅದಕ್ಕಿಂತ ಮುಖ್ಯ.

ಮಾರುಕಟ್ಟೆಯ ಫಲಕ ಮೋಸ ಮಾಡುವ ರೀತಿ ಬೇರೆ. ಈರುಳ್ಳಿಯ ವರ್ಷದ ಸರಾಸರಿ ಧಾರಣೆ ಎಂದು ಜನವರಿಯಿಂದ ಡಿಸೆಂಬರಿನವರೆಗಿನ ಅಂಕಿ ತೋರಿಸಿದರೆ ಚಿತ್ರದುರ್ಗದ ಬೆಳೆಗಾರನಿಗೆ ಅದರಿಂದ ಏನೂ ಆಗಬೇಕಿಲ್ಲ. ಅವನ ಮುಂಗಾರು ಈರುಳ್ಳಿ ಮಂಡಿಗೆ ಬರುವುದು ಹೆಚ್ಚಾಗಿ ಸೆಪ್ಟೆಂಬರಿನಿಂದ ನವೆಂಬರಿನೊಳಗೆ. ಅವನು ಮಾರದ ತಿಂಗಳುಗಳ ಏರು ಬೆಲೆಯೂ ಆ ಸರಾಸರಿಯಲ್ಲಿ ಸೇರಿ, ‘ಈ ವರ್ಷ ಒಳ್ಳೆಯ ಬೆಲೆ ಸಿಕ್ಕಿತು’ ಎಂಬ ಸಾಲು ವರದಿಯಾಗುತ್ತದೆ. ಸಿಕ್ಕಿದ್ದು ದಾಸ್ತಾನು ಇಟ್ಟವನಿಗೆ. ಇಲ್ಲಿ ಅವಧಿಯನ್ನು ಆವಕದ ತಿಂಗಳುಗಳಿಗೆ ಕಟ್ಟಬೇಕು, ಸರಾಸರಿಯನ್ನು ಆವಕದ ತೂಕದಿಂದ ತೂಗಬೇಕು. ಭೀಮಸಮುದ್ರದ ಅಡಿಕೆಯವರು ಒಂದಿಷ್ಟು ತಡೆದು ಮಾರಬಲ್ಲರು, ಅಡಿಕೆ ಕೊಳೆಯುವ ಸರಕಲ್ಲ. ಈರುಳ್ಳಿಗೆ ಆ ಭಾಗ್ಯವಿಲ್ಲ. ಎರಡಕ್ಕೂ ಒಂದೇ ಅವಧಿ ಹಾಕಿದ ಫಲಕ ಎರಡಕ್ಕೂ ಅನ್ಯಾಯ ಮಾಡುತ್ತದೆ.

ಹಣಕಾಸು ವರ್ಷದ ದಬ್ಬಾಳಿಕೆಯ ಬಗ್ಗೆ ಬರೆಯಹೊರಟರೆ ಪ್ರತ್ಯೇಕ ಲೇಖನವೇ ಬೇಕು. 2005ರ ಉದ್ಯೋಗ ಖಾತ್ರಿ ಕಾಯ್ದೆಯಡಿ ಕುಟುಂಬಕ್ಕೆ 100 ದಿನಗಳ ಲೆಕ್ಕ ನಡೆದು ಬಂದದ್ದು ಏಪ್ರಿಲ್‌ನಿಂದ ಮಾರ್ಚ್‌ಗೆ. ಇಲ್ಲಿ ಹೊಲದ ಕೆಲಸ ನಿಂತು ಕೂಲಿಗೆ ಜನ ಹುಡುಕುವ ಕಾಲ ಫೆಬ್ರವರಿಯಿಂದ ಮೇ. ಒಂದೇ ಬೇಸಿಗೆಯನ್ನು ಮಾರ್ಚ್ 31 ನಡುವೆ ಸೀಳುತ್ತದೆ. ಏಪ್ರಿಲ್ ಮೊದಲ ವಾರದಲ್ಲಿ ತೆರೆದ ಪರದೆಯಲ್ಲಿ ಇಡೀ ತಾಲ್ಲೂಕು ಮಲಗಿದಂತೆ ಕಾಣುತ್ತದೆ. ಮಾರ್ಚ್ ಕೊನೆಯ ವಾರದಲ್ಲಿ ನೋಡಿದರೆ ಅದೇ ತಾಲ್ಲೂಕು ಪರಾಕ್ರಮಿ. ಹತ್ತಾರು ವರ್ಷ ನಡೆಯುವ ಕಾಮಗಾರಿಗಳಿಗಂತೂ ಈ ಕನ್ನಡಕ ಹೊಂದುವುದೇ ಇಲ್ಲ. ಭದ್ರಾ ಮೇಲ್ದಂಡೆಗೆ 2023–24ರ ಕೇಂದ್ರ ಬಜೆಟ್ 5,300 ಕೋಟಿ ರೂಪಾಯಿ ಘೋಷಿಸಿತು, ಆ ಹಣ ಕೈಸೇರಿಲ್ಲವೆಂದು ರಾಜ್ಯ ಸರ್ಕಾರ ದೂರುತ್ತ ಬಂದಿತು. ವರ್ಷವಾರು ಫಲಕದಲ್ಲಿ ಘೋಷಣೆ ಒಂದು ಸಾಲಿನಲ್ಲಿ, ಬಿಡುಗಡೆ ಇನ್ನಾವುದೋ ಸಾಲಿನಲ್ಲಿ. ಆರಂಭದಿಂದ ಇಂದಿನವರೆಗೆ ಎಂಬ ಅವಧಿ ಹಾಕಿದರೆ ಮಾತ್ರ ಘೋಷಣೆ, ಬಿಡುಗಡೆ, ಖರ್ಚು ಮೂರೂ ಒಟ್ಟಿಗೆ ಕಾಣುತ್ತವೆ. ಅದನ್ನು ಯಾವ ಪಕ್ಷದವರೂ ಮೊದಲ ಪುಟದಲ್ಲಿ ಹಾಕಲು ಬಯಸುವುದಿಲ್ಲ ಎನ್ನುವುದು ಬೇರೆ ಮಾತು.

ಒಂದು ಋತುವನ್ನು ಅದೇ ಋತುವಿನೊಂದಿಗೆ ಹೋಲಿಸುವ ವಿವೇಕ ಅಂತರ್ಜಲದ ಲೆಕ್ಕದಲ್ಲಿ ಎಂದೋ ಬಂದಿದೆ. ಕೇಂದ್ರ ಅಂತರ್ಜಲ ಮಂಡಳಿಯವರು ವರ್ಷಕ್ಕೆ ನಾಲ್ಕು ಬಾರಿ ಬಾವಿಗಳ ಮಟ್ಟ ಅಳೆಯುತ್ತಾರೆ. ನವೆಂಬರನ್ನು ಹಿಂದಿನ ನವೆಂಬರುಗಳ ಸರಾಸರಿಯೊಂದಿಗೆ, ಬೇಸಿಗೆಯನ್ನು ಬೇಸಿಗೆಗಳೊಂದಿಗೆ ಹೋಲಿಸುತ್ತಾರೆ. ಮೇ ತಿಂಗಳಿಗಿಂತ ನವೆಂಬರಿನಲ್ಲಿ ಕೊಳವೆಬಾವಿ ಸುಧಾರಿಸಿದೆ ಎಂದು ಯಾರೂ ಬೀಗುವುದಿಲ್ಲ. ಜೋಗಿಮಟ್ಟಿ ಸಾಲಿನ ಗಾಳಿಯಂತ್ರಗಳ ವಿಷಯದಲ್ಲೂ ಹಾಗೆಯೇ: ಮುಂಗಾರಿನ ಗಾಳಿಯ ತಿಂಗಳುಗಳ ಉತ್ಪಾದನೆಯನ್ನು ಚಳಿಗಾಲದ ಮೂರು ತಿಂಗಳ ಪಕ್ಕ ಇಟ್ಟು ಯಂತ್ರ ಕೆಟ್ಟಿದೆ ಎನ್ನಲಾಗದು.

ಇನ್ನು ಯಂತ್ರದ ಒಳಗಿನ ಚೇಷ್ಟೆಗಳು. ಡ್ಯಾಶ್‌ಬೋರ್ಡ್ ಕಟ್ಟುವ ಪವರ್ ಬಿಐ ತಂತ್ರಾಂಶದಲ್ಲಿ ‘ಇಂದು’, ‘ಕಳೆದ 7 ದಿನ’ ಎಂಬ ಸಾಪೇಕ್ಷ ಅವಧಿ ಇಟ್ಟರೆ ಅದು ವಿಶ್ವ ಸಮಯವನ್ನು ಅನುಸರಿಸುತ್ತದೆ, ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ. ಬೆಳಗಿನ ಜಾವ ಐದಕ್ಕೆ ಹಾಲಿನ ಡೇರಿಯ ಲೆಕ್ಕ ತೆರೆದರೆ ಅದಕ್ಕೆ ಇನ್ನೂ ನಿನ್ನೆ. ‘ಕಳೆದ 7 ದಿನ’ದಲ್ಲಿ ಇವತ್ತು ಸೇರಿದೆಯೋ ಇಲ್ಲವೋ ಎಂಬುದನ್ನೂ ಪ್ರತ್ಯೇಕವಾಗಿ ಹೇಳಬೇಕು, ಸೇರಿಸಿದರೆ ಅರ್ಧ ದಿನದ ಅಂಕಿ ಕೊನೆಯ ಕಂಬವನ್ನು ಕುಳ್ಳಾಗಿಸಿ, ‘ಇಳಿಕೆ’ ಎಂಬ ಸುಳ್ಳು ಸುದ್ದಿ ಹುಟ್ಟಿಸುತ್ತದೆ. ‘31ರವರೆಗೆ’ ಎಂದು ಕೊಟ್ಟದ್ದನ್ನು ಕೆಲವು ವ್ಯವಸ್ಥೆಗಳು 31ರ ಮಧ್ಯರಾತ್ರಿ ಸೊನ್ನೆ ಗಂಟೆಯವರೆಗೆ ಎಂದು ತಿಳಿದು ತಿಂಗಳ ಕೊನೆಯ ದಿನವನ್ನೇ ಕೈಬಿಡುತ್ತವೆ. ತಿಂಗಳ ಕೊನೆಗೇ ಬಿಲ್ಲು, ಹಾಜರಿ ತುಂಬುವ ನಮ್ಮ ಕಚೇರಿಗಳಲ್ಲಿ ಹಾಗೆ ಕಳೆದುಹೋಗುವ ದಿನ ಅತಿ ತುಂಬಿದ ದಿನವೇ ಆಗಿರುತ್ತದೆ. ದಿನ ಮೊದಲೋ ತಿಂಗಳು ಮೊದಲೋ ಎಂಬ ಹಳೆಯ ಗೊಂದಲವೂ ಹೋಗಿಲ್ಲ. 03/06 ಎಂದರೆ ನಮಗೆ ಜೂನ್ 3, ಅಮೆರಿಕದ ಕ್ರಮಕ್ಕೆ ಹೊಂದಿಸಿದ ಎಕ್ಸೆಲ್‌ಗೆ ಮಾರ್ಚ್ 6. ವರ್ಷದಲ್ಲಿ 132 ತಾರೀಕುಗಳು ಹೀಗೆ ಅದಲುಬದಲಾಗಬಲ್ಲವು, ಯಂತ್ರ ಒಂದು ಎಚ್ಚರಿಕೆಯನ್ನೂ ಕೊಡುವುದಿಲ್ಲ. ಬಿತ್ತನೆಯ ದಿನಾಂಕದಲ್ಲಿ ಇದಾದರೆ ಮುಂಗಾರು ಬೆಳೆ ಬೇಸಿಗೆಗೆ ಜಾರುತ್ತದೆ. ಇವೆಲ್ಲಕ್ಕಿಂತ ಸಾಮಾನ್ಯವಾದದ್ದು ಸೋಮಾರಿತನ: ಯಾರೋ ಒಮ್ಮೆ ನಿಗದಿತ ತಾರೀಕು ಹಾಕಿ ಉಳಿಸಿಟ್ಟ ವರದಿ ಎರಡು ವರ್ಷವಾದರೂ ಅದೇ ತಾರೀಕಿನಲ್ಲಿ ನಿಂತಿರುತ್ತದೆ, ಮೇಲೆ ‘ಇತ್ತೀಚಿನ ವರದಿ’ ಎಂಬ ತಲೆಬರಹ.

ಇದಕ್ಕೆ ಎರಡು ಮದ್ದುಗಳನ್ನು ಹೇಳುವವರಿದ್ದಾರೆ. ರಾಜ್ಯಕ್ಕೆಲ್ಲ ಒಂದೇ ಅವಧಿ ಬಿಗಿದುಬಿಡಿ ಎನ್ನುವವರು ಒಂದು ಕಡೆ. ಬಿಗಿದರೆ ಹೋಲಿಕೆ ಸುಲಭ, ನಿಜ. ಆದರೆ ಆ ಒಂದೇ ಅವಧಿ ಬೆಂಗಳೂರಿನ ಖಜಾನೆಯದೋ ಘಟ್ಟದ ಮಳೆಯದೋ ಆಗಿರುತ್ತದೆ, ಹಿರಿಯೂರಿನದು ಆಗಿರುವುದಿಲ್ಲ. ನೋಡುವವರೇ ಬೇಕಾದ ತಾರೀಕು ಹಾಕಿಕೊಳ್ಳಲಿ ಎನ್ನುವವರು ಇನ್ನೊಂದು ಕಡೆ. ಅದು ಇನ್ನೂ ಅಪಾಯ. ಬೇಕಾದ ತಾರೀಕು ಹಾಕಿಕೊಳ್ಳಲು ಬಿಟ್ಟರೆ ಬೇಕಾದ ಫಲಿತಾಂಶವನ್ನೂ ತೆಗೆದುಕೊಳ್ಳಬಹುದು. ಭಾರಿ ಬರದ ವರ್ಷವನ್ನು ಆರಂಭಕ್ಕೆ ಇಟ್ಟರೆ ಯಾವ ಸರ್ಕಾರದ ಕೃಷಿಯೂ ಪ್ರಗತಿಯ ಹಾದಿಯಲ್ಲೇ ಇರುತ್ತದೆ. 2023ನ್ನು ಮೊದಲ ಕಂಬವಾಗಿ ನಿಲ್ಲಿಸಿ 2024ನ್ನು ಪಕ್ಕದಲ್ಲಿಟ್ಟರೆ ಸಾಕು.

ನನ್ನ ಮಟ್ಟಿಗೆ, ಪರದೆ ತೆರೆದಾಗ ಮೊದಲು ಕಾಣುವ ಅವಧಿ ಆ ವಿಷಯದ, ಆ ಊರಿನ ಋತುವಾಗಿರಬೇಕು: ಮಧ್ಯ ಒಣ ವಲಯದ ಮಳೆಗೆ ಅಕ್ಟೋಬರನ್ನು ಒಳಗೊಂಡ ಜಲವರ್ಷ, ಈರುಳ್ಳಿಗೆ ಆವಕದ ಕಾಲ, ಕೂಲಿಗೆ ಇಡೀ ಬೇಸಿಗೆ. ಬದಲಾಯಿಸುವ ಸ್ವಾತಂತ್ರ್ಯ ಇರಲಿ. ಆದರೆ ಬದಲಾಯಿಸಿದ ತಾರೀಕು ಚಿತ್ರದ ತಲೆಬರಹದಲ್ಲೇ ದಪ್ಪ ಅಕ್ಷರದಲ್ಲಿ ಬರಬೇಕು, ಮುದ್ರಿಸಿದರೂ ಹೋಗಬಾರದು. ಹೋಲಿಸುವ ಎರಡು ಅವಧಿಗಳು ಒಂದೇ ಉದ್ದ, ಒಂದೇ ಕಾಲದವಾಗಿರಬೇಕು. ಇನ್ನೂ ಮುಗಿಯದ ದಿನ, ವಾರ, ತಿಂಗಳಿಗೆ ಬೇರೆ ಬಣ್ಣ ಇರಬೇಕು. ಇದಕ್ಕೆ ಹೊಸ ತಂತ್ರಾಂಶವೂ ಬೇಡ, ಟೆಂಡರೂ ಬೇಡ. ಈಗಿರುವ ಪರದೆಗಳ ಸೆಟ್ಟಿಂಗ್ಸ್‌ನಲ್ಲೇ ಒಂದು ಮಧ್ಯಾಹ್ನದ ಕೆಲಸ.

ಪ್ರಗತಿ ಪರಿಶೀಲನೆಯ ತ್ರೈಮಾಸಿಕ ಕೆಡಿಪಿ ಸಭೆಗಳಲ್ಲಿ ಕೂರುವ ಶಾಸಕರು, ಸದಸ್ಯರು, ವರದಿಗಾರರಿಗೆ ಒಂದು ವಿನಂತಿ. ಶೇಕಡಾವಾರು ಅಂಕಿ ಓದಿದ ತಕ್ಷಣ ಬೈಯಲೋ ಚಪ್ಪಾಳೆ ತಟ್ಟಲೋ ಹೋಗಬೇಡಿ. ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ ಎಂದು ಕೇಳಿ, ಅದನ್ನು ನಡಾವಳಿಯಲ್ಲಿ ಬರೆಸಿ. ಉತ್ತರ ಬಾರದಿದ್ದರೆ ಆ ಅಂಕಿಯನ್ನು ಮುಂದಿನ ಸಭೆಗೆ ಮುಂದೂಡಿ.